ಗೆದ್ದವರಿಲ್ಲದ ದೋಣಿ ಹಬ್ಬ: ವೆನಿಸ್‌ನ ವೋಗಾಲೋಂಗಾ

ಇಟಲಿಯ ವೆನಿಸ್ ನಗರದಲ್ಲಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಮೇ ಅಥವಾ ಜೂನ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ 9 ಗಂಟೆಗೆ ತೋಪಿನ ಸದ್ದಾಗುತ್ತದೆ. ಸಂತ ಮಾರ್ಕನ ಚೌಕದ ಎದುರಿನ ನೀರಿನಲ್ಲಿ ಕಾದು ನಿಂತ ಸಾವಿರಕ್ಕೂ ಹೆಚ್ಚು ದೋಣಿಗಳು ಒಟ್ಟಿಗೇ ಹೊರಡುತ್ತವೆ. ಸುಮಾರು 30 ಕಿಲೋಮೀಟರ್ ದೂರದ ಈ ಯಾನದಲ್ಲಿ ಮೊದಲ ಬಹುಮಾನವಿಲ್ಲ, ಕೊನೆಯ ಸ್ಥಾನವೂ ಇಲ್ಲ. ಗುರಿ ಮುಟ್ಟಿದ ಎಲ್ಲರಿಗೂ ಒಂದೇ ಬಗೆಯ ಪದಕ, ಒಂದೇ ಬಗೆಯ ಪ್ರಮಾಣಪತ್ರ. ಷರತ್ತು ಒಂದೇ: ದೋಣಿಗೆ ಮೋಟಾರು ಇರಬಾರದು. ಇದರ ಹೆಸರು ವೋಗಾಲೋಂಗಾ, ಅಂದರೆ ಹುಟ್ಟು ಹಾಕುತ್ತಾ ಸಾಗುವ ದೀರ್ಘ ಪಯಣ.

ತಮಾಷೆಯೆಂದರೆ, ಸ್ಪರ್ಧೆಯಿಲ್ಲದ ಈ ಹಬ್ಬದ ಆಲೋಚನೆ ಹುಟ್ಟಿದ್ದು ಒಂದು ಸ್ಪರ್ಧೆಯ ದಿನವೇ. 1974ರ ನವೆಂಬರ್‌ನಲ್ಲಿ ವೆನಿಸ್‌ನ ಕೆಲವು ಗೆಳೆಯರು ತಮ್ಮೊಳಗೇ ಒಂದು ಸಣ್ಣ ಪಂದ್ಯ ನಡೆಸಿದರು. ಊರಿನವರೆಲ್ಲ ಸೇರುವಂಥದ್ದನ್ನು ಏಕೆ ಮಾಡಬಾರದು ಎಂಬ ಮಾತು ಅಲ್ಲಿ ಬಂತು. 1975ರ ಮೇ 8ರಂದು ಮೊದಲ ವೋಗಾಲೋಂಗಾ ನಡೆದಾಗ ಸುಮಾರು 500 ದೋಣಿಗಳು, 1500 ಜನ ಬಂದಿದ್ದರು.

ಅವರು ಬಂದದ್ದು ಖುಷಿಗಾಗಿ ಮಾತ್ರವಲ್ಲ, ಪ್ರತಿಭಟನೆಗಾಗಿಯೂ ಹೌದು. ಪ್ರತಿಭಟನೆ ಮೋಟಾರು ದೋಣಿಗಳ ಅಲೆಗಳ ವಿರುದ್ಧ. ಅಲೆಯಿಂದ ಊರಿಗೇನು ತೊಂದರೆ ಎಂದು ನಮಗೆ ಅನ್ನಿಸಬಹುದು. ವೆನಿಸ್‌ನ ಕಟ್ಟಡಗಳು ನಿಂತಿರುವುದು ಕೆಸರಿನಲ್ಲಿ ಇಳಿಸಿದ ಮರದ ಗೂಟಗಳ ಮೇಲೆ. ಕೆಸರಿನೊಳಗೆ ಆಮ್ಲಜನಕ ಸಿಗದ ಕಾರಣ ಆ ಮರ ಶತಮಾನಗಳಾದರೂ ಬೇಗ ಕೊಳೆಯುವುದಿಲ್ಲ. ಅದರ ಮೇಲೆ ನೀರನ್ನು ಸುಲಭವಾಗಿ ಹೀರದ ಕಲ್ಲು, ಕಲ್ಲಿನ ಮೇಲೆ ಇಟ್ಟಿಗೆ. ಮೋಟಾರು ದೋಣಿ ವೇಗವಾಗಿ ಹೋದಾಗ ಏಳುವ ಅಲೆ ಇಕ್ಕಟ್ಟಾದ ಕಾಲುವೆಯ ಎರಡೂ ಗೋಡೆಗಳಿಗೆ ಬಡಿದು, ತಿರುಗಿ ಬಂದು, ಮತ್ತೆ ಬಡಿಯುತ್ತದೆ. ಗಾರೆ ಕರಗುತ್ತದೆ, ಕಲ್ಲುಗಳ ಸಂದು ಬಾಯಿ ಬಿಡುತ್ತದೆ, ಉಪ್ಪುನೀರು ಇಟ್ಟಿಗೆಯವರೆಗೂ ಏರುತ್ತದೆ. ಅಲೆಯ ಎತ್ತರ ಎರಡರಷ್ಟಾದರೆ ಅದರ ಶಕ್ತಿ ನಾಲ್ಕರಷ್ಟಾಗುತ್ತದೆ ಎಂಬುದನ್ನು ವಿಜ್ಞಾನ ವಿಭಾಗದವರು ಗಮನಿಸಬೇಕು. 1966ರ ನವೆಂಬರ್ 4ರಂದು ನೀರು 194 ಸೆಂಟಿಮೀಟರ್ ಮಟ್ಟಕ್ಕೇರಿ ಊರನ್ನೇ ಮುಳುಗಿಸಿದ್ದನ್ನು ಅಲ್ಲಿನವರು ಕಣ್ಣಾರೆ ಕಂಡಿದ್ದರು. ಹಾಗಾಗಿ ನೀರಿನ ವಿಷಯ ಅವರಿಗೆ ಪುಸ್ತಕದ ಮಾತಾಗಿರಲಿಲ್ಲ.

ಇನ್ನೊಂದು ನಷ್ಟವೂ ಅವರನ್ನು ಕಾಡುತ್ತಿತ್ತು. ಮೋಟಾರು ಬಂದ ಮೇಲೆ ಹುಟ್ಟು ಹಾಕಲು ಬಲ್ಲವರೇ ಕಡಿಮೆಯಾಗುತ್ತಿದ್ದರು. ವೆನಿಸ್‌ನ ಪದ್ಧತಿ ಬೇರೆಲ್ಲಕ್ಕಿಂತ ಭಿನ್ನ. ಅಲ್ಲಿ ಅಂಬಿಗ ಕುಳಿತುಕೊಳ್ಳುವುದಿಲ್ಲ. ನಿಂತುಕೊಂಡು, ಮುಂದೆ ನೋಡುತ್ತಾ, ಹುಟ್ಟನ್ನು ತನ್ನಿಂದ ಆಚೆಗೆ ತಳ್ಳುತ್ತಾನೆ. ಊರಿನ ಸುತ್ತಲಿನ ಹಿನ್ನೀರು ಬಹಳ ಕಡೆ ಒಂದು ಮೀಟರಿನಷ್ಟೇ ಆಳ; ಎಲ್ಲಿ ಕೆಸರು, ಎಲ್ಲಿ ದಾರಿ ಎಂದು ಕಾಣಬೇಕಾದರೆ ನಿಲ್ಲಲೇಬೇಕು. ದೋಣಿಗಳ ತಳ ಚಪ್ಪಟೆಯಾಗಿರುವುದೂ ಇದೇ ಕಾರಣಕ್ಕೆ. ಹುಟ್ಟನ್ನು ಆನಿಸಲು ‘ಫೋರ್ಕೊಲಾ’ ಎಂಬ ಮರದ ಆಧಾರವಿದೆ. ಆಕ್ರೋಟು ಮರದ ತುಂಡಿನಿಂದ ಕೆತ್ತಿದ ಇದರ ಬೇರೆ ಬೇರೆ ಬಾಗುಗಳಲ್ಲಿ ಹುಟ್ಟನ್ನಿಟ್ಟು ಮುಂದೆ ಹೋಗಬಹುದು, ತಿರುಗಬಹುದು, ನಿಲ್ಲಿಸಬಹುದು, ಹಿಂದಕ್ಕೂ ಬರಬಹುದು. ಒಬ್ಬನೇ ಒಂದೇ ಬದಿಯಲ್ಲಿ ಹುಟ್ಟು ಹಾಕಿದರೂ ಗೊಂಡೋಲ ನೇರವಾಗಿ ಸಾಗುವುದು ಹೇಗೆಂದರೆ, ಅದರ ಎಡಭಾಗ ಬಲಭಾಗಕ್ಕಿಂತ ಅಗಲ. ಬೇಕೆಂದೇ ಸೊಟ್ಟಗೆ ಕಟ್ಟಿದ ದೋಣಿ ಅದು!

ದಾರಿ ಹೀಗಿದೆ: ತರಕಾರಿ ಬೆಳೆಯುವ ಸಂತ ಎರಾಸ್ಮೊ ದ್ವೀಪದ ಬದಿಯಿಂದ, ಲೇಸ್ ಕಸೂತಿಗೆ ಮತ್ತು ಬಣ್ಣದ ಮನೆಗಳಿಗೆ ಹೆಸರಾದ ಬುರಾನೊ, ಗಾಜಿನ ಕೆಲಸದ ಮುರಾನೊ, ಅಲ್ಲಿಂದ ಮತ್ತೆ ನಗರದೊಳಕ್ಕೆ. ನಗರ ಪ್ರವೇಶಿಸುವಲ್ಲಿ ಕನ್ನಾರೆಜೊ ಕಾಲುವೆಯ ಮೂರು ಕಮಾನುಗಳ ಸೇತುವೆಯ ಕೆಳಗೆ ಎಲ್ಲರೂ ಸಿಕ್ಕಿಹಾಕಿಕೊಳ್ಳುತ್ತಾರೆ. ದೋಣಿಗೆ ದೋಣಿ ತಾಗಿ ದಾರಿಯೇ ಕಟ್ಟಿಹೋಗುತ್ತದೆ. ಗೆಲ್ಲುವ ಆತುರ ಇಲ್ಲದಿರುವುದು ನಿಜವಾಗಿ ಉಪಯೋಗಕ್ಕೆ ಬರುವುದು ಅಲ್ಲಿಯೇ ಇರಬೇಕು.

ನಿಕೊಲೊ ಕಾಂಟಿಯ ಹೆಸರನ್ನು ನಾವು ವಿಜಯನಗರದ ಪಾಠದಲ್ಲಿ ಓದಿದ್ದೇವೆ. 1420ರ ಸುಮಾರಿಗೆ ಅಲ್ಲಿಗೆ ಬಂದ ಆತ ಇದೇ ಹಿನ್ನೀರಿನ ಕಿಯೋಜಾ ಊರಿನವನು. ನಮ್ಮ ಪಶ್ಚಿಮ ಕರಾವಳಿಯ ಕರಿಮೆಣಸು ಅರಬ್ ವರ್ತಕರ ಹಡಗುಗಳಲ್ಲಿ ಸಾಗಿ, ಅಲೆಕ್ಸಾಂಡ್ರಿಯಾದ ಮೂಲಕ ವೆನಿಸ್ ತಲುಪುತ್ತಿತ್ತು. ಆ ಊರಿನ ಸಂಪತ್ತಿನಲ್ಲಿ ನಮ್ಮ ಮೆಣಸಿನ ಪಾಲೂ ಇದೆ.

ಹಬ್ಬದಿಂದ ಫಲ ಸಿಕ್ಕಿತೇ? ಒಂದು ಮಟ್ಟಿಗೆ. ಹುಟ್ಟು ಹಾಕುವ ಸಂಘಗಳು ಮತ್ತೆ ಚೇತರಿಸಿಕೊಂಡವು, ಹೊಸಬರು ಕಲಿತರು. 2021ರ ಆಗಸ್ಟ್‌ನಿಂದ ಭಾರಿ ಪ್ರವಾಸಿ ಹಡಗುಗಳು ಸಂತ ಮಾರ್ಕನ ಚೌಕದ ಎದುರು ಹಾದುಹೋಗುವುದನ್ನು ಸರ್ಕಾರ ನಿಷೇಧಿಸಿತು. ಅದಕ್ಕೆ ಬೇರೆ ಹೋರಾಟಗಳೂ ಕಾರಣ. ಆದರೆ ಸಣ್ಣ ಮೋಟಾರು ದೋಣಿಗಳ ಅಲೆ ನಿಂತಿಲ್ಲ. 1950ರ ದಶಕದ ಆರಂಭದಲ್ಲಿ ಹಳೆಯ ನಗರದಲ್ಲಿ ಸುಮಾರು 1,75,000 ಜನರಿದ್ದರು. ಈಗ 50,000ಕ್ಕಿಂತ ಕಡಿಮೆ. ಹಬ್ಬಕ್ಕೆ ಬರುವವರಲ್ಲಿ ಕಯಾಕ್ ತರುವ ಹೊರದೇಶದವರೇ ಬಹಳ ಮಂದಿ. ಅವರು ಬರುವುದು ಒಳ್ಳೆಯದೇ, ಆದರೆ ನಿಂತು ಹುಟ್ಟು ಹಾಕುವ ವಿದ್ಯೆ ಉಳಿಯಬೇಕಾದರೆ ಅಲ್ಲಿ ವಾಸಿಸುವ ಮಕ್ಕಳು ಬೇಕು.

ಆ ಬೆಳಿಗ್ಗೆ ಗ್ರ್ಯಾಂಡ್ ಕಾಲುವೆಯಲ್ಲಿ ಮೋಟಾರು ಸಂಚಾರವನ್ನು ನಿಲ್ಲಿಸಲಾಗುತ್ತದೆ. ಕೊನೆಯ ದೋಣಿಗಳು ಗುರಿ ಮುಟ್ಟಿದ ಮೇಲೆ, ಮಧ್ಯಾಹ್ನ, ಅದು ಮತ್ತೆ ಶುರುವಾಗುತ್ತದೆ.