ಕೋಟ ಗ್ರಾಮದ ಅಧ್ಯಯನ ಕಲಿಸಿದ ಪಾಠ

ಜ್ವರ ಬಂದರೆ ನೆರೆಹೊರೆಯವರಿಗೂ ಹೇಳಿಕೊಳ್ಳುವ ನಾವು ಮನಸ್ಸಿನ ಕಾಯಿಲೆಯನ್ನು ಮನೆಯೊಳಗೇ ಮುಚ್ಚಿಡುತ್ತೇವೆ. ಮುಚ್ಚಿಡಲಾಗದ ಸ್ಥಿತಿ ಬಂದಾಗ ದೇವಸ್ಥಾನ, ಮಂತ್ರವಾದಿ, ನಾಟಿ ವೈದ್ಯ, ಆಸ್ಪತ್ರೆ ಎಂದು ಅಲೆದಾಟ ಆರಂಭವಾಗುತ್ತದೆ. ಈ ಅಲೆದಾಟವನ್ನು ಅಜ್ಞಾನವೆಂದು ಹೀಗಳೆಯದೆ ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದ ಮನೋವೈದ್ಯರು ಡಾ. ಆರ್. ಎಲ್. ಕಪೂರ್.

ಕರಾವಳಿಯ ಕೋಟ ಗ್ರಾಮದಲ್ಲಿ ಬ್ರಾಹ್ಮಣ, ಬಂಟ ಹಾಗೂ ಮೊಗವೀರ ಸಮುದಾಯಗಳ ಜನರ ಮನೆಗಳಿಗೆ ಹೋಗಿ, ಅವರ ಮನಃಸ್ಥಿತಿಯನ್ನು ಕಪೂರ್ ಅಧ್ಯಯನ ಮಾಡಿದರು. ಪಾಶ್ಚಾತ್ಯ ಪ್ರಶ್ನಾವಳಿ ನಮ್ಮ ಹಳ್ಳಿಗರಿಗೆ ಹೊಂದುವುದಿಲ್ಲವೆಂದು, ಮೈಮೇಲೆ ಬರುವುದೇ ಮೊದಲಾದ ಇಲ್ಲಿನ ಅನುಭವಗಳನ್ನೂ ಒಳಗೊಂಡ ಸಂದರ್ಶನ ಕ್ರಮವೊಂದನ್ನು ಮಾಲವಿಕಾ ಕಪೂರ್ ಮತ್ತು ಜಿ. ಎಂ. ಕಾರ್‌ಸ್ಟೇರ್ಸ್ ಅವರೊಡನೆ ರೂಪಿಸಿ 1974ರಲ್ಲಿ ಪ್ರಕಟಿಸಿದರು. ಕಾರ್‌ಸ್ಟೇರ್ಸ್ ಅವರೊಂದಿಗೆ ಬರೆದ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಗ್ರಂಥ 1976ರಲ್ಲಿ ಹೊರಬಂದಿತು.

1979ರ ಪ್ರಬಂಧವೊಂದರಲ್ಲಿ ಅವರು ವೈದ್ಯ, ಮಂತ್ರವಾದಿ, ಪಾತ್ರಿ ಎಂಬ ಮೂರು ಬಗೆಯ ಸಾಂಪ್ರದಾಯಿಕ ಚಿಕಿತ್ಸಕರನ್ನು ವಿವರಿಸಿದರು. ಜನರು ಇವರಲ್ಲಿಗೂ ಆಧುನಿಕ ವೈದ್ಯರಲ್ಲಿಗೂ ಹೋಗುತ್ತಾರೆ, ಅಕ್ಷರಸ್ಥರೂ ಇದಕ್ಕೆ ಹೊರತಲ್ಲ ಎಂಬುದು ಅವರು ಕಂಡ ಸತ್ಯ. ಆಂಧ್ರದ ಗಡಿಗೆ ಅಂಟಿಕೊಂಡ ನಮ್ಮ ನಂಗಲಿ ಸೀಮೆಗೂ ಈ ಮಾತು ಅನ್ವಯಿಸುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಕಪೂರ್ ಅವರು ಸಮುದಾಯ ಮನೋವೈದ್ಯ ಘಟಕಕ್ಕೆ ಬುನಾದಿ ಹಾಕಿದವರಲ್ಲಿ ಪ್ರಮುಖರು. ಸಕಲವಾರದ ಗ್ರಾಮೀಣ ಕೇಂದ್ರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ಮನೋರೋಗದ ಆರೈಕೆಯನ್ನು ಕಲಿಸುವ ಪದ್ಧತಿ ಬೆಳೆಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು. ನಂತರ ಬಳ್ಳಾರಿಯಲ್ಲಿ ನಡೆದ ಪ್ರಯೋಗವೇ 1996ರ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಕಪೂರ್ ಎತ್ತಿದ ಪ್ರಶ್ನೆಯನ್ನು ಮುಂದಿನ ಸಂಶೋಧಕರೂ ಬಿಡಲಿಲ್ಲ. ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯದಲ್ಲಿ ತಂಗಿದ್ದ 31 ಮನೋರೋಗಿಗಳನ್ನು ಪರೀಕ್ಷಿಸಿ, ರೋಗಲಕ್ಷಣಗಳು ಸುಮಾರು ಶೇ. 20ರಷ್ಟು ತಗ್ಗಿದ್ದನ್ನು 2002ರಲ್ಲಿ ವರದಿ ಮಾಡಿದರು. ಅಲ್ಲಿನ ಬೆದರಿಕೆಯಿಲ್ಲದ, ಭರವಸೆ ತುಂಬುವ ವಾತಾವರಣವೇ ಇದಕ್ಕೆ ಕಾರಣವಿರಬೇಕೆಂದು ಅವರು ಭಾವಿಸಿದರು. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿಸಲ್ಪಟ್ಟಿದ್ದ ರೋಗಿಗಳು ಓಡಲಾರದೆ ಹೋದರು. 28 ಜನರು ಪ್ರಾಣ ಕಳೆದುಕೊಂಡರು. ಶ್ರದ್ಧಾಕೇಂದ್ರದ ಅಂತಃಕರಣ ರೋಗಿಗೆ ಆಸರೆ, ಸರಪಳಿ ಮೃತ್ಯು.

ಚರಕಾಚಾರ್ಯರು ಹೇಳಿದ ಚಿಕಿತ್ಸೆ ಮೂರು ವಿಧ: ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ. ಮೊದಲನೆಯದು ದೈವವನ್ನು ಅವಲಂಬಿಸಿದ್ದು, ಎರಡನೆಯದು ಔಷಧ ಮತ್ತು ಪಥ್ಯ, ಮೂರನೆಯದು ಮನೋನಿಗ್ರಹ. ಪೂಜೆಗೆ ಹೋದವನು ಔಷಧವನ್ನು ಬಿಡಬೇಕೆಂದು ಶಾಸ್ತ್ರ ಹೇಳಿಲ್ಲ. ಕ್ಷುದ್ರ ದೈವಗಳ ಭಯವನ್ನು ಶರಣರೂ ಒಪ್ಪಲಿಲ್ಲ. ಆದುದರಿಂದ ರೋಗಿಯನ್ನು ದೆವ್ವ ಹಿಡಿದವನೆಂದು ಹೊಡೆಯುವುದು, ಕಟ್ಟಿಹಾಕುವುದು, ಉಪವಾಸ ಕೆಡಹುವುದು ಧರ್ಮವಲ್ಲ.

ಆಯುರ್ವೇದ ವೈದ್ಯನಾಗಿ ಓದುಗರಲ್ಲಿ ನನ್ನ ವಿನಂತಿ ಇಷ್ಟೆ. ಮನೋವೈದ್ಯರು ಕೊಟ್ಟ ಮಾತ್ರೆಯನ್ನು ಗುಣವಾಯಿತೆಂದು ತಾವೇ ನಿಲ್ಲಿಸಬೇಡಿ. ಬ್ರಾಹ್ಮಿ, ಅಶ್ವಗಂಧ ಅದಕ್ಕೆ ಬದಲಿಯಲ್ಲ. ಎರಡನ್ನೂ ಸೇವಿಸುವುದಾದರೆ ಇಬ್ಬರು ವೈದ್ಯರಿಗೂ ತಿಳಿಸಿ. ಇಲ್ಲದ ಧ್ವನಿ ಕೇಳುವುದು, ದಿನಗಟ್ಟಲೆ ನಿದ್ರೆ ಆಹಾರ ಬಿಡುವುದು ಕಂಡರೆ ಹರಕೆ ತೀರಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸಾಯುವ ಮಾತಾಡುವವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಿಗೆ ತೋರಿಸಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ. ಕನ್ನಡ, ತೆಲುಗುಗಳಲ್ಲಿಯೂ ಮಾತನಾಡಬಹುದು.

ಕೋಟದ ಜನ ಎರಡೂ ಕಡೆಗೆ ನಡೆದರು, ನಮ್ಮವರೂ ನಡೆಯುತ್ತಾರೆ. ಮಠದ ಜಗಲಿಯಲ್ಲಿ ಕುಳಿತ ರೋಗಿಯ ಮನೆಯವರಿಗೆ “ಪ್ರಸಾದ ಸ್ವೀಕರಿಸಿ, ಮಾತ್ರೆಯನ್ನೂ ಕೊಡಿ” ಎಂದು ಹೇಳುವ ಹೊಣೆ ನಮ್ಮೆಲ್ಲರದು.