ಎಳೆ ಎಣಿಸುವ ಕೆಲಸ

ಕರವಸ್ತ್ರದ ಮೂಲೆಗೆ ಹೂ ಹಾಕಿ ಪಳಗಿದ ಕೈ ಒಮ್ಮೆ ದೊಡ್ಡ ಕೆಲಸ ಬೇಡುತ್ತದೆ. ಮಗಳ ಮದುವೆಗೆ ಕಸೂತಿಯ ದುಪಟ್ಟಾ ಎಂದರೆ ತಿಂಗಳುಗಟ್ಟಲೆಯ ಮಾತು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸಹೋದರಿಯರಿಗೆ ಕಸೂತಿ ಅಪರಿಚಿತವೇನಲ್ಲ. 1997ರವರೆಗೆ ಈ ಊರುಗಳೆಲ್ಲ ಕಸೂತಿಗೆ ಹೆಸರಾದ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಆದರೆ ನೋಡುವುದು ಬೇರೆ, ಹಾಕುವುದು ಬೇರೆ.

ಸಾಂಪ್ರದಾಯಿಕ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿ ಹೊಲಿಗೆಯಲ್ಲಿ ದಾರ ಒಂದು ಜಾಗ ಬಿಟ್ಟು ಒಂದು ತುಂಬುತ್ತಾ ಹೋಗುತ್ತದೆ, ಬಿಟ್ಟದ್ದನ್ನು ಮರಳುವಾಗ ತುಂಬುತ್ತದೆ. ಒಳಮೈ, ಹೊರಮೈ ಎರಡೂ ಒಂದೇ ರೂಪ, ಗಂಟು ಹಾಕುವಂತಿಲ್ಲ. ಕಷ್ಟವೆಲ್ಲ ಇಲ್ಲೇ. ಹೋಗುವಾಗ ತಪ್ಪಿದ ಒಂದೇ ಒಂದು ಎಳೆ ಮರಳುವಾಗ ಬಯಲಾಗುತ್ತದೆ. ಆಗ ಬಿಚ್ಚದೆ ಬೇರೆ ದಾರಿಯಿಲ್ಲ. ಅದಕ್ಕೇ ಉದ್ದನೆಯ ಸಾಲು ಹಿಡಿಯಬೇಡಿ. ಒಂದು ಹೂವಿನ ಹೋಗಿಬರುವ ಹೊಲಿಗೆ ಎರಡನ್ನೂ ಮುಗಿಸಿ ಇನ್ನೊಂದಕ್ಕೆ ಕೈಹಾಕಿ. ಅಂಚಿನ ನಟ್ಟನಡುವಿನಿಂದ ಶುರುಮಾಡಿದರೆ ಎರಡೂ ತುದಿ ಸರಿಸಮ ಬರುತ್ತವೆ.

ತೆಳು ರೇಷ್ಮೆಯ ಎಳೆ ಕಣ್ಣಿಗೆ ನಿಲುಕದು. ಅದರ ಮೇಲೆ ಜಾಳುಜಾಳಾದ ಬಟ್ಟೆಯ ತುಂಡನ್ನು ಟಾಕಿ ಹಾಕಿ, ಕಸೂತಿ ಮುಗಿದ ಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವ ಉಪಾಯವಿದೆ. ಮೊದಲ ಸಲಕ್ಕೆ ಎಳೆ ಕಾಣುವ ಮ್ಯಾಟಿ ಬಟ್ಟೆಯೇ ಒಳ್ಳೆಯದು. ದಾರವನ್ನು ಮೊದಲೇ ನೀರಲ್ಲಿ ನೆನೆಸಿ ಬಿಳಿ ಬಟ್ಟೆಗೆ ಒತ್ತಿ ನೋಡಿ. ಕೆಂಪು ದಾರ ಬಣ್ಣ ಬಿಟ್ಟರೆ ತಿಂಗಳ ಶ್ರಮ ಒಂದೇ ತೊಳೆತದಲ್ಲಿ ಹಾಳು!

ಗೋಪುರ, ತೇರು, ತುಳಸಿಕಟ್ಟೆ ಇಲ್ಲಿನ ಹಳೆಯ ಚಿತ್ತಾರಗಳು. ದುಪಟ್ಟಾದ ಅಂಚಿಗೆ ನಕ್ಷತ್ರ, ಬಳ್ಳಿ, ಚೌಕಗಳು ಚೆನ್ನಾಗಿ ಒಪ್ಪುತ್ತವೆ. ಚೌಕದ ಗೆರೆಯ ಕಾಗದದಲ್ಲಿ ಮೊದಲು ಬಿಡಿಸಿಕೊಳ್ಳಿ. ಮಕ್ಕಳ ಗಣಿತದ ಪುಸ್ತಕವೇ ಸಾಕು.