ಉಸಿರೇ ಹೇಳುವ ಉರಿಯೂತ

ಜೋಳ, ತೊಗರಿಗಳ ರಾಶಿಯ ಕಾಲ ಬಂದಿತೆಂದರೆ ಮನಗೂಳಿಯಂಥ ಎರೆಸೀಮೆಯ ಊರುಗಳಲ್ಲಿ ಕಣದ ಧೂಳಿನೊಡನೆ ಕೆಲವರಿಗೆ ದಮ್ಮೂ ಬರುವುದುಂಟು. ಉಬ್ಬಸ, ಅಸ್ತಮಾ ಎಂಬವು ಇದರದೇ ಹೆಸರುಗಳು. ಪಟ್ಟಣಗಳೂ ಇದಕ್ಕೆ ಹೊರತಲ್ಲ. ಬೆಂಗಳೂರಿನ ಡಾ. ಎಚ್. ಪರಮೇಶ್ ಅವರ ಆಸ್ಪತ್ರೆಯ ಅಧ್ಯಯನದಲ್ಲಿ, ಪರೀಕ್ಷೆಗೊಳಗಾದ 18 ವರ್ಷದೊಳಗಿನ ಮಕ್ಕಳ ಪೈಕಿ ಅಸ್ತಮಾ ಉಳ್ಳವರು 1979ರಲ್ಲಿ ಶೇಕಡಾ 9ರಷ್ಟಿದ್ದು, 1999ರಲ್ಲಿ ಶೇಕಡಾ 29.5ರಷ್ಟಾದರು.

ಧೂಳು, ಪರಾಗ, ಬೂಷ್ಟುಗಳು ಒಗ್ಗದ ದೇಹದಲ್ಲಿ ಶ್ವಾಸನಾಳಗಳ ಒಳಪದರು ಕೆಂಪೇರಿ ಬಾಯುತ್ತದೆ, ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಅಲ್ಲಿ ನೆರೆಯುತ್ತವೆ, ಕಫ ಹೆಚ್ಚುತ್ತದೆ. ಇದೇ ಉರಿಯೂತ. ನಾಳದ ಸುತ್ತಲಿನ ಸ್ನಾಯು ಬಿಗಿದಾಗ ಸುಂಯ್‌ಗುಟ್ಟುವ ಸದ್ದು ಕೇಳುತ್ತದೆ. ಬಿಗಿತ ಸಡಿಲಿಸುವ ಔಷಧದಿಂದ ಸದ್ದು ಕೂಡಲೇ ಅಡಗಬಹುದು. ಆದರೆ ಉರಿಯೂತವು ಬೂದಿ ಮುಚ್ಚಿದ ಕೆಂಡದಂತೆ ಒಳಗೇ ಉಳಿದಿರಬಹುದು. ಅದನ್ನು ಶಮನಗೊಳಿಸುವುದು ನಿತ್ಯ ಸೇದುವ ಸ್ಟಿರಾಯ್ಡ್ ಔಷಧ. ದಮ್ಮು ನಿಂತಿತೆಂದು ಅದನ್ನು ಬಿಟ್ಟವರಿಗೆ ಅಪಾಯ ಮರುಕಳಿಸುತ್ತದೆ.

ಹಾಗಾದರೆ ಈ ಕೆಂಡವನ್ನು ಕಾಣುವುದೆಂತು? ಶ್ವಾಸನಾಳಕ್ಕೆ ನಳಿಕೆಯಿಳಿಸಿ ತುಣುಕು ತೆಗೆಯುವುದು ಖಚಿತವಾದ ಮಾರ್ಗ. ಆದರೆ ಮಕ್ಕಳಿಗೆ ಪದೇ ಪದೇ ಮಾಡತಕ್ಕದ್ದಲ್ಲ. ಸಾಧಾರಣ ಎಕ್ಸ್-ರೇ ಚಿತ್ರ ಅನೇಕ ವೇಳೆ ಸಹಜವಾಗಿಯೇ ಕಾಣುವುದು. ಸಿ.ಟಿ. ಚಿತ್ರವು ದಪ್ಪಗಾದ ನಾಳದ ಗೋಡೆಯನ್ನೂ ಕಫದ ಬೆಣೆಗಳನ್ನೂ ತೋರಿಸುವುದಾದರೂ ವಿಕಿರಣದ ಭಯವಿದೆ. ಕ್ಸೆನಾನ್ ಅನಿಲವನ್ನು ಸೇದಿಸಿ ತೆಗೆಯುವ ಎಂ.ಆರ್.ಐ. ಚಿತ್ರದಲ್ಲಿ ಈ ಭಯವಿಲ್ಲ. ಗಾಳಿ ತಲಪದ ಭಾಗಗಳು ಅಲ್ಲಿ ಕಪ್ಪಾಗಿ ಕಾಣುತ್ತವೆ. ಅಮೆರಿಕದಲ್ಲಿ 2022ರಲ್ಲಿ ಇದಕ್ಕೆ ಅನುಮತಿ ದೊರೆಯಿತು. ಆದರೂ ಈ ಚಿತ್ರಗಳು ತೋರಿಸುವುದು ಉರಿಯೂತದ ಪರಿಣಾಮವನ್ನು, ಉರಿಯೂತವನ್ನೇ ಅಲ್ಲ.

ಅದರ ಸುಳಿವು ಹೊರಬಿಡುವ ಉಸಿರಿನಲ್ಲಿಯೇ ಇದೆ. ಊದಿಕೊಂಡ ಒಳಪದರು ನೈಟ್ರಿಕ್ ಆಕ್ಸೈಡ್ ಅನಿಲವನ್ನು ಹೆಚ್ಚಾಗಿ ಉತ್ಪಾದಿಸುತ್ತದೆ. ಮನುಷ್ಯನ ಉಸಿರಿನಲ್ಲಿ ಈ ಅನಿಲವಿರುವುದನ್ನು ಸ್ವೀಡನ್ನಿನ ವಿಜ್ಞಾನಿಗಳು 1991ರಲ್ಲಿ ಪ್ರಕಟಿಸಿದರು. ಅಸ್ತಮಾ ರೋಗಿಗಳಲ್ಲಿ ಅದು ಅಧಿಕವೆಂಬುದು 1993ರಲ್ಲಿ ಸ್ಪಷ್ಟವಾಯಿತು. ಚಿಕ್ಕ ಯಂತ್ರವೊಂದಕ್ಕೆ ಸುಮಾರು 10 ಸೆಕೆಂಡು ಸಮನಾಗಿ ಊದಿದರೆ ಸಾಕು. ಶತಕೋಟಿ ಭಾಗಗಳಲ್ಲಿ ವಯಸ್ಕರಿಗೆ 50, ಮಕ್ಕಳಿಗೆ 35 ಭಾಗಗಳನ್ನು ಮೀರಿದರೆ ಇಯೊಸಿನೊಫಿಲ್ ಉರಿಯೂತದ ಸಂಭವ ಹೆಚ್ಚು. ಧೂಮಪಾನಿಗಳಲ್ಲಿ ಅಂಕಿ ತಗ್ಗುವುದರಿಂದ ಇದೊಂದನ್ನೇ ನಂಬಿ ತೀರ್ಮಾನಿಸಲಾಗದು.

ಯಂತ್ರವಿಲ್ಲದ ಊರಿನಲ್ಲಿಯೂ ಈ ವಿಜ್ಞಾನದ ಪಾಠ ಪ್ರಯೋಜನಕರವೇ. ಸದ್ದಡಗಿದ ಮಾತ್ರಕ್ಕೆ ರೋಗ ಅಡಗಿತೆಂದು ತಿಳಿಯದೆ, ವೈದ್ಯರ ಸಲಹೆಯಿಲ್ಲದೆ ಮಗುವಿನ ಔಷಧವನ್ನು ನಿಲ್ಲಿಸದಂತೆ ಪಾಲಕರಿಗೆ ತಿಳಿಹೇಳಬಲ್ಲ ಶಿಕ್ಷಕರು ಒಂದು ಜೀವವನ್ನು ಕಾಯಬಲ್ಲರು.